ನಿಮ್ಮತ್ತಿ ಹೊಂಟಾಳ

ಇವತ್ತು ಬೆಳಿಗ್ಗೆ ನಮ್ಮ ಅಂಗನವಾಡಿಯಲ್ಲಿ ಹಾಲು ತಳ ಹತ್ತಿತು. ಪುಡಿ ಹಾಲಿಗೆ ನೀರು ಕೂಡಿಸಿ ಒಲೆಯ ಮೇಲಿಟ್ಟ ಮೇಲೆ ಕೈಯಾಡಿಸುತ್ತಲೇ ಇರಬೇಕು. ಒಂದು ಗಳಿಗೆ ಮರೆತರೂ ಸೀದು ಹೋಗುತ್ತದೆ. ಮರೆತವಳು ನಾನೇ. ಸಹಾಯಕಿ ನೀರು ತರಲು ಹೋಗಿದ್ದಳು, ನನ್ನ ಫೋನು ಟಿಣ್ ಎಂದಿತು, ಸೌಟು ಹಿಡಿದೇ ನೋಡಿದೆ, ನೋಡಿದವಳು ಹಾಗೇ ನಿಂತುಬಿಟ್ಟೆ. ಏನು ಬಂದಿತ್ತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದವು. ಅವಕ್ಕೇನು ಗೊತ್ತು... ಇದೇ ವಾಸನೆ ಇನ್ನೊಂದು ಅಂಗನವಾಡಿಯಲ್ಲಿ, ಇನ್ನೊಂದು ದಿನ, ಖಾಲಿ ಅಡುಗೆಕೋಣೆಯಿಂದ ಬಂದು ನನ್ನ ಮೂಗಿಗೆ ಹತ್ತಿತ್ತು. ಅದು ಟೀಚರಕ್ಕನ ಅಂಗನವಾಡಿ.

ಟೀಚರಕ್ಕನ ಊರು ಹಂಪಸಾಗರದ ಕಡೆ, ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ. ನನ್ನದು ಅದಕ್ಕಿಂತ ಒಂದೆರಡು ಸ್ಟಾಪು ಹಿಂದೆ, ಹಗರಿಬೊಮ್ಮನಹಳ್ಳಿ ರಸ್ತೆಗೆ. ಕಾಗದಪತ್ರದಲ್ಲಿ ನಾವ್ಯಾರೂ ಟೀಚರಲ್ಲ, ಕಾರ್ಯಕರ್ತೆಯರು. ಆ ಮಾತನ್ನು ಅವರು ಒಪ್ಪುತ್ತಲೇ ಇರಲಿಲ್ಲ. ಮೀಟಿಂಗಿನಲ್ಲಿ ಯಾವ ಸಾಹೇಬರಾದರೂ ಕಾರ್ಯಕರ್ತೆಯರೇ ಎಂದು ಶುರು ಮಾಡಿದರೆ ಹಿಂದಿನ ಸಾಲಿನಿಂದ ಅವರ ದನಿ ಏಳುತ್ತಿತ್ತು.

"ಟೀಚರ್ ಅನ್ರಿ ಸಾರ್. ಮೂರು ವರ್ಷದ ಕೂಸಿಗೆ ಒಂದ್ ಕಡಿ ಕುಂಡ್ರೂದು ಕಲಿಸಿ ನೋಡ್ರಿ. ಆಮ್ಯಾಲೆ ನಮಗ ಏನ್ ಅನ್ಬೇಕು ಅಂತ ನೀವಾ ಹೇಳ್ರಿ."

ನಾವೆಲ್ಲ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆವು. ಸಾಹೇಬರು ಕೆಮ್ಮಿ, ಟೀಚರಮ್ಮಗಳೇ ಎಂದು ಮತ್ತೆ ಶುರು ಮಾಡುತ್ತಿದ್ದರು. ಹಾಗೆ ಅವರಿಗೆ ಟೀಚರಕ್ಕ ಎಂಬ ಹೆಸರು ನಿಂತುಹೋಯಿತು. ಅವರ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು.

ನಾನು ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದದ್ದು ಇಷ್ಟೇ: ಮಕ್ಕಳನ್ನು ಸಾಲಾಗಿ ಕೂರಿಸುವುದು, ಸ್ಲೇಟಿನ ಮೇಲೆ ಅ ಆ ತಿದ್ದಿಸುವುದು, ಅಳುವ ಕೂಸಿನ ಕೈಗೆ ಬಿಸ್ಕತ್ತು ಕೊಡುವುದು. ತಾಲ್ಲೂಕಿನಲ್ಲಿ ತರಬೇತಿ ಎಂದರೆ ನಮಗೆಲ್ಲ ಊಟ ಚೆನ್ನಾಗಿದೆಯೋ ಇಲ್ಲವೋ ಎಂಬ ಲೆಕ್ಕ. ಮುಗಿದ ಕೂಡಲೇ ಬಸ್ಸಿಗೆ ಓಡುತ್ತಿದ್ದೆವು. ಟೀಚರಕ್ಕ ಮಾತ್ರ ತರಬೇತಿ ಕೊಡಲು ಬಂದವರನ್ನೇ ಬಾಗಿಲಲ್ಲಿ ಅಡ್ಡ ಹಾಕಿ ನಿಲ್ಲುತ್ತಿದ್ದರು. ನಾಲ್ಕು ವರ್ಷದ ಕೂಸು ಇನ್ನೂ ಎಡಗೈ ಬಲಗೈ ಗೊಂದಲ ಮಾಡಿಕೊಂಡರೆ ಏನು ಮಾಡಬೇಕು, ಮಾತೇ ಆಡದ ಹುಡುಗಿಗೆ ಯಾವ ಆಟ ಆಡಿಸಬೇಕು... ಅವರ ಪ್ರಶ್ನೆ ಮುಗಿಯುವಷ್ಟರಲ್ಲಿ ಬಸ್ಸು ತಪ್ಪಿರುತ್ತಿತ್ತು. ಹಾಗೆ ಬಸ್ಸು ತಪ್ಪಿದ ಒಂದು ಸಂಜೆ ನಾನೂ ಅವರ ಜೊತೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆ. ಅವರು ಚೀಲದಿಂದ ಒಂದು ಹಿಡಿ ಕುರಿ ಉಣ್ಣೆ ತೆಗೆದು ನನ್ನ ಅಂಗೈಗೆ ಇಟ್ಟರು, ಆಮೇಲೆ ಒಂದು ತೆಂಗಿನ ಚಿಪ್ಪು ಇಟ್ಟರು.

"ಕಣ್ಣು ಮುಚ್ಚು. ಯಾವ್ದು ಮೆತ್ತಗೈತಿ, ಯಾವ್ದು ಬಿರುಸೈತಿ ಹೇಳು. ಕೂಸು ಮೊದ್ಲ ಕೈಲೆ ಓದ್ತೈತಿ ತಂಗಿ. ಅಕ್ಷರಾ ಎಲ್ಲಿಗೂ ಓಡಿ ಹೋಗೂದಿಲ್ಲ."

ಅವತ್ತಿನಿಂದ ನಾನು ಅವರ ಬೆನ್ನು ಬಿದ್ದೆ. ಕೆಲಸ ಎಂದರೆ ಏನು ಎನ್ನುವುದನ್ನು ಕಲಿತದ್ದು ಅವರಿಂದ. ಸಂಘಕ್ಕೆ ಸೇರಿದ್ದೂ ಅವರಿಂದಲೇ. ಸಂಘಕ್ಕೆ ಸೇರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ನನ್ನ ಗಂಡ, ವಾರದ ಕಂತು ಕಟ್ಟುವ ಹೆಣ್ಣುಮಕ್ಕಳ ಸಂಘ ಅಂದುಕೊಂಡು ತಲೆಯಾಡಿಸಿದರು. ಅದು ಘೋಷಣೆ ಕೂಗುವ ಸಂಘ ಎಂದು ಗೊತ್ತಾಗುವ ಹೊತ್ತಿಗೆ ನಾನು ಎರಡು ಮೆರವಣಿಗೆ ಮುಗಿಸಿದ್ದೆ. ಟೀಚರಕ್ಕನಿಗೆ ಸಂಘ ಬೇರೆ, ತರಬೇತಿ ಬೇರೆ ಆಗಿರಲಿಲ್ಲ. ಕೆಲಸ ಚೆನ್ನಾಗಿ ಕಲಿತವರಿಗೆ ಮಾತ್ರ ಕೇಳುವ ಧೈರ್ಯ ಬರುತ್ತದೆ ಎನ್ನುತ್ತಿದ್ದರು. ಕೇಳುವ ಧೈರ್ಯ ಇಲ್ಲದವಳು ಮಕ್ಕಳಿಗೂ ಬಾಯಿ ಮುಚ್ಚಿಕೊಂಡು ಕೂರುವುದನ್ನೇ ಕಲಿಸುತ್ತಾಳೆ ಎಂದೂ ಹೇಳುತ್ತಿದ್ದರು.

ಈಗ ಆ ತಮಾಷೆಯ ಬಗ್ಗೆ ಹೇಳಬೇಕು. ಹೇಳಲು ನಾಲಿಗೆ ಏಳುತ್ತಿಲ್ಲ, ಆದರೂ ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಸರ್ಕಲ್ಲಿನ, ಅಂದರೆ ಸುತ್ತಲಿನ ಹತ್ತಾರು ಊರಿನ, ಅಂಗನವಾಡಿಗಳನ್ನು ನೋಡಲು ಒಬ್ಬರು ಸೂಪರ್‌ವೈಸರ್ ಮೇಡಂ ಬರುತ್ತಿದ್ದರು. ಕೆಟ್ಟವರಲ್ಲ, ಪಾಪ. ಆದರೆ ಯಾವತ್ತು ಬರುತ್ತಾರೆ ಎಂದು ಹೇಳದೆ ಬರುವುದು ಅವರ ಕೆಲಸ, ಬರುವುದನ್ನು ಮೊದಲೇ ತಿಳಿದುಕೊಳ್ಳುವುದು ನಮ್ಮ ಕೆಲಸ. ಅವರ ಸ್ಕೂಟಿ ಒಂದು ಊರು ಬಿಟ್ಟ ಕೂಡಲೇ ಆ ಊರಿನವಳು ಮುಂದಿನ ಊರಿನವಳಿಗೆ ಫೋನು ಮಾಡುತ್ತಿದ್ದಳು. ಮೇಡಂ ಎಂದು ಬಾಯಿಬಿಟ್ಟು ಹೇಳಿದರೆ ಯಾರ ಕಿವಿಗೆ ಬೀಳುತ್ತದೋ ಎಂಬ ಹೆದರಿಕೆ. ಅದಕ್ಕೆ ಯಾರೋ ಒಬ್ಬರು ಮೇಡಂ ಬದಲು 'ಅತ್ತಿ', ಅಂದರೆ ಅತ್ತೆ, ಎಂದು ಶುರು ಮಾಡಿದರು. ನಿಮ್ಮತ್ತಿ ಹೊಂಟಾಳ ಎಂದರೆ ಮೇಡಂ ನಿಮ್ಮ ಊರಿನ ಕಡೆ ಹೊರಟಿದ್ದಾರೆ. ಅತ್ತಿ ಹೋದ್ಲು ಎಂದರೆ ಇನ್ನು ಕಾಲು ಚಾಚಬಹುದು. ಆಮೇಲೆ ವಾಟ್ಸಾಪ್ ಗುಂಪು ಬಂತು, ಫೋನಿನ ಬದಲು ಮೆಸೇಜು ಬಂತು. ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತಿತ್ತು ನಮಗೆ ಆ ಒಂದು ಮಾತಿನಿಂದ. ಬಸ್ಸಿನಲ್ಲಿ ಪಕ್ಕದ ಗಂಡಸರು, ಏನವ್ವ ನಿಮ್ಮತ್ತಿ ಅಷ್ಟು ತಿರುಗಾಡ್ತಾಳಾ ಎಂದು ಕೇಳಿದರೆ ನಾವು ಸೀಟಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು.

ಟೀಚರಕ್ಕನ ಸಹಾಯಕಿ ಶಾಲೆಯ ಮುಖ ನೋಡದವಳು. ಮಕ್ಕಳ ಜೊತೆ ಅವಳನ್ನೂ ಮರಳಿನ ತಟ್ಟೆಯ ಮುಂದೆ ಕೂರಿಸಿ ಟೀಚರಕ್ಕ ಓದು ಬರಹ ಕಲಿಸಿದ್ದರು. ಆಮೇಲೆ ಫೋನಿನಲ್ಲಿ ಬರೆಯುವುದನ್ನೂ ಕಲಿಸಿದರು. ಅವಳು ಯಾರ ಸಹಾಯವಿಲ್ಲದೆ ಬರೆದು ಗುಂಪಿಗೆ ಕಳಿಸಿದ ಮೊದಲ ಮಾತು ಅದೇ: ನಿಮ್ಮತ್ತಿ ಹೊಂಟಾಳ್ರಿ. ನಾವೆಲ್ಲ ಚಪ್ಪಾಳೆಯ ಚಿತ್ರ ಕಳಿಸಿದ್ದೆವು. ಟೀಚರಕ್ಕ ಆ ಸಂತೋಷಕ್ಕೆ ಅವತ್ತು ಮಂಡಕ್ಕಿ ಮೆಣಸಿನಕಾಯಿ ತರಿಸಿ ಹಂಚಿದ್ದರಂತೆ.

ಟೀಚರಕ್ಕನಿಗೆ ನಿಜವಾದ ಅತ್ತೆಯೂ ಇದ್ದರು. ಒಣಗಿ ಹಗುರಾದ ಮುದುಕಿ. ಆಕೆ ಸಣ್ಣವಳಿದ್ದಾಗ ಆಕೆಯ ಊರು ಅಣೆಕಟ್ಟಿನ ನೀರಿಗೆ ಹೋಗಿತ್ತು. ಊರಿನವರೆಲ್ಲ ಬಾಗಿಲು, ತೊಲೆ, ಒಳಕಲ್ಲು ಬಂಡಿಗೆ ಹೇರಿಕೊಂಡು ಮೇಲಿನ ನೆಲಕ್ಕೆ ಬಂದವರು. ಬಾಳೆಲ್ಲ ಆಕೆ ಅದರ ಮಾತೇ ಎತ್ತಿರಲಿಲ್ಲವಂತೆ. ಮುಪ್ಪಿನಲ್ಲಿ ನೆನಪು ಒಂದೊಂದೇ ಕಳಚುತ್ತ ಹೋಗಿ, ಮಗನ ಹೆಸರು ಮರೆತು, ಸೊಸೆಯ ಮುಖ ಮರೆತು, ಕೊನೆಗೆ ಉಳಿದದ್ದು ಮುಳುಗಿದ ಆ ಊರು ಒಂದೇ. ಕೂತಲ್ಲಿಂದ ಎದ್ದು ಹಿನ್ನೀರಿನ ಕಡೆ ನಡೆದುಬಿಡುತ್ತಿದ್ದಳು. ಟೀಚರಕ್ಕನ ಗಂಡ ಕುರಿ ಹಿಂಡು ಹೊಡೆದುಕೊಂಡು ವರ್ಷದಲ್ಲಿ ಹೆಚ್ಚು ಕಾಲ ಕೊಟ್ಟೂರು, ಕೂಡ್ಲಿಗಿ ಕಡೆಯ ಬಯಲಿನಲ್ಲಿ. ಮಗಳನ್ನು ಕೂಡ್ಲಿಗಿಗೆ ಕೊಟ್ಟಿತ್ತು. ಮುದುಕಿಯನ್ನು ಮನೆಯಲ್ಲಿ ಯಾರ ಕೈಗೆ ಒಪ್ಪಿಸುವುದು? ಟೀಚರಕ್ಕ ಆಕೆಯನ್ನು ಕೈಹಿಡಿದು ಅಂಗನವಾಡಿಗೇ ಕರೆತರುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸುತ್ತಿದ್ದರು.

ಕಾಯುವುದನ್ನೂ ಅವರು ಪಾಠವಾಗಿ ಮಾಡಿದ್ದರು. ದಿನಕ್ಕೆ ಇಬ್ಬರು ಮಕ್ಕಳಂತೆ ಜೋಡಿ ಮಾಡಿ, ಅಜ್ಜಿಯ ಸೆರಗಿನ ಒಂದು ತುದಿ ಒಬ್ಬನಿಗೆ, ಇನ್ನೊಂದು ತುದಿ ಇನ್ನೊಬ್ಬಳಿಗೆ. ಅಜ್ಜಿ ಎದ್ದರೆ ಇವರೂ ಏಳಬೇಕು, ಅಜ್ಜಿ ಕೂತರೆ ಇವರೂ ಕೂರಬೇಕು. ಮಕ್ಕಳಿಗೆ ಅದು ಭಾರೀ ಮರ್ಯಾದೆಯ ಕೆಲಸ. ತಮ್ಮ ಪಾಳಿ ಬರಲಿಲ್ಲ ಎಂದು ಅಳುವವರೂ ಇದ್ದರು. ನಾನು ನೋಡಿದ್ದೇನೆ, ಆ ಮುದುಕಿ ಮಕ್ಕಳ ನಡುವೆ ಕೂತು ಸುಮ್ಮನೆ ಗೋಡೆ ನೋಡುತ್ತ ಇದ್ದಕ್ಕಿದ್ದಂತೆ ಹೇಳುತ್ತಿದ್ದಳು:

"ನೀರು ಬರಾಕತ್ತೈತಿ. ಪಾತ್ರಿ ಪಡಗ ತಗೀರಿ, ಏಳ್ರಿ."

ಮಕ್ಕಳು ಕೂಡಲೇ ತಮ್ಮ ತಟ್ಟೆ ಲೋಟ ತಲೆಯ ಮೇಲಿಟ್ಟುಕೊಂಡು ಅಂಗಳದ ತುಂಬ ಓಡುತ್ತಿದ್ದವು. ಅವಕ್ಕೆ ಅದೊಂದು ಆಟ. ಟೀಚರಕ್ಕನೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆಕೆಯ ಕಣ್ಣಿನಲ್ಲಿ ಆಟ ಇರಲಿಲ್ಲ.

ಆ ವರ್ಷ ಒಂದು ಸುದ್ದಿ ಹಬ್ಬಿತ್ತು. ದೊಡ್ಡ ಶಾಲೆಗಳಲ್ಲೇ ಚಿಕ್ಕ ಮಕ್ಕಳಿಗೂ ತರಗತಿ ತೆರೆಯುತ್ತಾರೆ, ಅದಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ, ನಮ್ಮ ಹತ್ತಿರ ಉಳಿಯುವುದು ಮೊಟ್ಟೆ ಬೇಯಿಸುವ ಕೆಲಸ ಮತ್ತು ತೂಕದ ಯಂತ್ರ ಮಾತ್ರ. ಟೀಚರಕ್ಕ ಅನ್ನ ಬಿಟ್ಟವರಂತೆ ಆದರು. ಇಷ್ಟು ವರ್ಷ ಕಲಿತದ್ದು, ಕಲಿಸಿದ್ದು ಎಲ್ಲಿಗೆ ಹೋಯಿತು? ನಮಗೇ ಇನ್ನಷ್ಟು ತರಬೇತಿ ಕೊಡಿ, ಆ ತರಗತಿ ನಮಗೇ ಕೊಡಿ, ನಮ್ಮನ್ನು ಟೀಚರ್ ಎಂದು ಕಾಗದದಲ್ಲಿ ಬರೆಯಿರಿ. ಸಂಘದ ಬೇಡಿಕೆಯಲ್ಲಿ ಇವು ಮೇಲೆ ಬರುವಂತೆ ನೋಡಿಕೊಂಡದ್ದು ಅವರೇ. ಹಗರಿಬೊಮ್ಮನಹಳ್ಳಿಯಲ್ಲಿ ಧರಣಿ ಎಂದು ತೀರ್ಮಾನವಾಯಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯಿಂದಲೂ ಹೆಂಗಸರು ಬರುವುದು, ಟೀಚರಕ್ಕ ಮಾತಾಡುವುದು. ಮಕ್ಕಳ ಊಟ ನಿಲ್ಲಬಾರದು, ಅದಕ್ಕೆ ಸಹಾಯಕಿಯರು ಕೇಂದ್ರದಲ್ಲೇ ಇರಲಿ ಎಂದು ಹಟ ಹಿಡಿದವರೂ ಅವರೇ.

ಧರಣಿಯ ಬೆಳಿಗ್ಗೆ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು. ಹಿನ್ನೀರು ತುಂಬಿ ನಿಂತಿದ್ದ ಕಾಲ. ಕಿಟಕಿಯಿಂದ ನೋಡಿದರೆ ಹೊಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಗಾಳಿಯೇ ಇರಲಿಲ್ಲ. ನೀರು ಅಲುಗಾಡದೆ ಬಿದ್ದುಕೊಂಡಿತ್ತು. ಟೀಚರಕ್ಕ ಯಾವತ್ತೂ ಬಸ್ಸಿನಲ್ಲಿ ಸುಮ್ಮನಿರುವವರಲ್ಲ, ಅವತ್ತು ಮಾತೇ ಇಲ್ಲ. ನಾನು ಏನಕ್ಕಾ ಎಂದೆ.

"ನಿನ್ನಿಯಿಂದ ಊಟಾ ಬಿಟ್ಟಾಳ ಮುದುಕಿ. ಗಂಟು ಕಟ್ಟಿ ಇಟ್ಕೊಂಡಾಳ. ಊರಿಗೆ ಹೊಂಟೀನಿ ಅಂತಾಳ. ಯಾಕ ಏನ ತಂಗಿ, ಮನಸಿಗೆ ಸಮಾಧಾನ ಇಲ್ಲ."

ಮುದುಕಿಯನ್ನು ಅಂಗನವಾಡಿಯಲ್ಲಿ ಕೂರಿಸಿ, ಕಣ್ಣಿಟ್ಟಿರು ಎಂದು ಸಹಾಯಕಿಗೆ ಹತ್ತು ಸಲ ಹೇಳಿ ಬಂದಿದ್ದರು. ಮಾತಾಡಿ ಇಳಿದ ಕೂಡಲೇ ಬಸ್ಸು ಹಿಡಿಯುತ್ತೇನೆ ಎಂದರು. ಪ್ರತಿ ಸ್ಟಾಪಿನಲ್ಲೂ ನಮ್ಮ ಹೆಂಗಸರು ಹತ್ತುತ್ತ ಹೋದರು, ಬಸ್ಸಿನಲ್ಲಿ ಹಾಡು, ನಗು ಎದ್ದಿತು. ಹಗರಿಬೊಮ್ಮನಹಳ್ಳಿ ಬರುವ ಹೊತ್ತಿಗೆ ಅವರ ಮುಖವೂ ತಿಳಿಯಾಗಿತ್ತು.

ಧರಣಿಗೆ ಸೇರಿದ್ದ ಹೆಂಗಸರನ್ನು ನೋಡಿ ನನಗೇ ಎದೆ ಉಬ್ಬಿತು. ಶಾಮಿಯಾನದ ನೆರಳು ಸಾಲದೆ ಎಷ್ಟೋ ಜನ ಬಿಸಿಲಲ್ಲೇ ಸೆರಗು ಹೊದ್ದು ಕೂತಿದ್ದರು. ಮೈಕು ಕಿವಿಗೆ ಬಡಿಯುತ್ತಿತ್ತು, ಪಕ್ಕದವಳ ಮಾತು ಕೇಳುತ್ತಿರಲಿಲ್ಲ. ಮುಖಂಡರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಊಟದ ಹೊತ್ತು ದಾಟಿದ ಮೇಲೆ ಟೀಚರಕ್ಕನ ಸರದಿ ಬಂತು. ಹೇಳಬೇಕಾದ ಮಾತುಗಳನ್ನು ಫೋನಿನಲ್ಲೇ ಬರೆದಿಟ್ಟುಕೊಂಡಿದ್ದರು. ಮೈಕಿನ ಮುಂದೆ ನಿಂತು ಚೀಲದಿಂದ ಫೋನು ತೆಗೆದರು. ತೆಗೆದು ನೋಡಿ, ಒಂದು ಕ್ಷಣ ಬಿಟ್ಟು, ನಕ್ಕರು.

ಪರದೆಯ ಮೇಲೆ ಸಹಾಯಕಿಯ ಮೆಸೇಜು ಇತ್ತು. ನಿಮ್ಮತ್ತಿ ಹೊಂಟಾಳ್ರಿ. ಕೆಳಗೆ ಅವಳು ಮಾಡಿದ, ಟೀಚರಕ್ಕ ಎತ್ತದ ಕರೆಗಳೂ ಇದ್ದವು ಎಂದು ಆಮೇಲೆ ಗೊತ್ತಾಯಿತು. ಮೇಲಿನದನ್ನು ಓದಿದ ಮೇಲೆ ಕರೆಗಳೂ ಅದೇ ಎಚ್ಚರಿಕೆಯವು ಎಂದು ತಿಳಿದುಕೊಂಡಿರಬೇಕು. ಧರಣಿಯ ದಿನ ಯಾವ ಕೇಂದ್ರ ತೆರೆದಿದೆ, ಯಾವುದಕ್ಕೆ ಬೀಗ ಬಿದ್ದಿದೆ ಎಂದು ನೋಡಲು ಮೇಡಂ ಬಂದೇ ಬರುತ್ತಾರೆ ಎಂದು ನಾವೆಲ್ಲ ಬೆಳಿಗ್ಗೆಯಿಂದ ಕಾಯುತ್ತಲೇ ಇದ್ದೆವು. ಬೇರೆ ಏನನ್ನೂ ಯೋಚಿಸುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ.

"ಕೇಳ್ರವ್ವಾ! ನಮ್ಮತ್ತಿ ಹೊಂಟಾಳಂತ!" ಎಂದರು ಮೈಕಿನಲ್ಲಿ.

ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಆ ತಮಾಷೆ ನಮ್ಮ ಸರ್ಕಲ್ಲು ದಾಟಿ ಎಲ್ಲ ತಾಲ್ಲೂಕಿಗೂ ಹೋಗಿತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಹರಪನಹಳ್ಳಿ ಕಡೆಯ ಹೆಂಗಸೊಬ್ಬಳು ಎದ್ದು ನಿಂತು, ಹೋಗ್ಲಿ ಬಿಡಕ್ಕಾ ಎಂದು ಕೂಗಿದಳು. ಟೀಚರಕ್ಕ ಕೈ ಎತ್ತಿದರು.

"ಹೊಂಡ್ಲಿ ಬಿಡ್ರಿ! ಅತ್ತಿಗೆ ಹೆದರಿ ಮೂಲ್ಯಾಗ ಕುಂಡ್ರೂ ಕಾಲ ಮುಗೀತು!"

ಚಪ್ಪಾಳೆ ನಿಲ್ಲಲೇ ಇಲ್ಲ. ಆ ಗದ್ದಲದಲ್ಲಿ ಅವರು ತಲೆ ಬಗ್ಗಿಸಿ ಫೋನಿನಲ್ಲಿ ಉತ್ತರ ಬರೆದರು. ಬರೆದು ಕಳಿಸಿದ್ದು ಎರಡೇ ಮಾತು: ಹೊಂಡ್ಲಿ ಬಿಡು. ಆಮೇಲೆ ಮಾತಾಡಿದರು. ಅಂಥ ಮಾತನ್ನು ನಾನು ಮತ್ತೆ ಯಾರ ಬಾಯಿಂದಲೂ ಕೇಳಿಲ್ಲ. ಕೂಸಿನ ಬೆರಳು, ಮರಳು, ಉಣ್ಣೆ, ಟೀಚರ್ ಎಂಬ ಹೆಸರು... ಮುಂದೆ ಕೂತ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಆ ಮಾತುಗಳು ಈಗ ಒಂದೂ ಸರಿಯಾಗಿ ನೆನಪಾಗುವುದಿಲ್ಲ. ಆ ಎರಡು ಮಾತು ಬಂದು ಎಲ್ಲವನ್ನೂ ಅಡಗಿಸಿಬಿಡುತ್ತವೆ.

ಹೇಳಿದಂತೆ ಅವರು ಇಳಿದ ಕೂಡಲೇ ಬಸ್ ಸ್ಟ್ಯಾಂಡಿಗೆ ನಡೆದರು, ನಾನೂ ಜೊತೆಗೆ ಹೊರಟೆ. ಸೀಟು ಸಿಕ್ಕ ಮೇಲೆ ಸಹಾಯಕಿಗೆ ಫೋನು ಮಾಡಿದರು. ಗೆದ್ದು ಬಂದ ಉಮೇದು ಇನ್ನೂ ದನಿಯಲ್ಲಿತ್ತು. ಅವರ ಫೋನಿನ ದನಿ ದೊಡ್ಡದು, ನನಗೂ ಎಲ್ಲ ಕೇಳುತ್ತಿತ್ತು.

"ಏನವ್ವಾ, ಮೇಡಂ ಬಂದು ಏನಂದ್ರು?"

"ಯಾವ ಮೇಡಂ ರೀ? ಮೇಡಂ ಬಂದಿಲ್ರಿ ಅಕ್ಕಾರ." ಆಮೇಲೆ ಅವಳೇ ಕೇಳಿದಳು: "ಅಜ್ಜಿ ಸಿಕ್ಕಳೇನ್ರಿ?"

ಟೀಚರಕ್ಕ ನನ್ನ ಮುಖ ನೋಡಿದರು. ಆ ನೋಟವನ್ನು ನಾನು ಬರೆಯಲಾರೆ.

ಅವತ್ತು ನಡೆದದ್ದು ಇಷ್ಟು. ಊಟ ಮಾಡಿ ಮಕ್ಕಳೆಲ್ಲ ಮಲಗಿದ್ದವು. ಸೆರಗು ಹಿಡಿದ ಜೋಡಿಯೂ ಹಿಡಿದಂತೆಯೇ ನಿದ್ದೆ ಹೋಗಿತ್ತು. ಸಹಾಯಕಿ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಎಚ್ಚರವಿದ್ದ ಒಂದು ಹೆಣ್ಣುಕೂಸು ಬಂದು, ಅಜ್ಜಿ ಊರಿಗೆ ಹೋದ್ಲು ಎಂದಿತು. ಇವಳು ಓಡಿ ಬಂದು ನೋಡಿದರೆ ಮುದುಕಿ ಗಂಟು ಹಿಡಿದು ರಸ್ತೆಯ ತಿರುವು ದಾಟುತ್ತಿದ್ದಾಳೆ. ಮಲಗಿದ ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ. ಕೂಗಿದಳು, ಊರೆಲ್ಲ ಹೊಲಕ್ಕೆ ಹೋಗಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬನನ್ನು ಬೇಡಿಕೊಂಡಳು. ವಯಸ್ಸಾದಾಕಿ, ಎಲ್ಲಿ ಹೊಕ್ಕಾಳ, ತಿರುಗಿ ಬರ್ತಾಳ ತಗಾ ಎಂದು ಅವನು ಹೋದ. ಟೀಚರಕ್ಕನಿಗೆ ಫೋನು ಮಾಡಿದಳು, ಮಾಡಿದಳು, ಎತ್ತಲಿಲ್ಲ. ಕೊನೆಗೆ ಬರೆದಳು. ಗಾಬರಿಯಲ್ಲಿ ಬೆರಳಿಗೆ ತಾನಾಗಿ ಬರುವುದು ರೂಢಿಯ ಮಾತು. ಅಜ್ಜಿ ಎಂದು ಬರೆದಿದ್ದರೆ ಸಾಕಿತ್ತು. ಆದರೆ ಯಾರ ಅಜ್ಜಿ? ಟೀಚರಕ್ಕನಿಗೆ ಆಕೆ ಅತ್ತೆ ತಾನೆ! ಅವಳು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಉತ್ತರ ಬಂತು. ಹೊಂಡ್ಲಿ ಬಿಡು.

"ಅಕ್ಕಾರೇ ಹೇಳ್ಯಾರ ಅಂದ್ರ ಮತ್ಯಾರಿಗೋ ಹೇಳಿ ಕಳಿಸಿರ್ತಾರ ಅಂದ್ಕೊಂಡ್ನಿರಿ..." ಎಂದು ಅವಳು ಆಮೇಲೆ ಎದೆ ಎದೆ ಬಡಿದುಕೊಂಡಳು. ಉತ್ತರ ಓದಿ ಅವಳು ಒಳಗೆ ಹೋಗಿ ಮಕ್ಕಳಿಗೆ ಹಾಲು ಕಾಯಿಸಲು ಇಟ್ಟಿದ್ದಳು. ಅಷ್ಟರಲ್ಲಿ ಬಸ್ಸಿನಿಂದ ನಮ್ಮ ಫೋನು. ಹಾಲನ್ನು ಒಲೆಯ ಮೇಲೆ ಬಿಟ್ಟು ಅವಳು ರಸ್ತೆಗೆ ಓಡಿದ್ದಳು.

ಆ ಬಸ್ಸು ಎಲ್ಲ ಊರಿಗೂ ನಿಂತಿತು. ಒಬ್ಬಳು ಚೀಲ ಇಳಿಸಿದಳು, ಒಬ್ಬ ಚಿಲ್ಲರೆಗೆ ಜಗಳ ಮಾಡಿದ. ಟೀಚರಕ್ಕ ಎದುರಿನ ಸೀಟಿನ ಕಂಬಿ ಹಿಡಿದು ನಿಂತೇ ಇದ್ದರು, ಅಲ್ಲಿಂದ ಊರು ಕಾಣುವುದೇನೋ ಎಂಬಂತೆ. ಊರಿನಲ್ಲಿ ಇಳಿದ ಕೂಡಲೇ ಹಿನ್ನೀರಿನ ಕಡೆ ಓಡಿದರು. ನಾನು ಅಂಗನವಾಡಿಯ ಒಳಗೆ ನುಗ್ಗಿದೆ. ಸೀದ ಹಾಲಿನ ಹೊಗೆ ಕೋಣೆ ತುಂಬಿತ್ತು. ನಾನು ಒಲೆ ಆರಿಸಿದೆ. ಮಕ್ಕಳು ಎದ್ದು ಗೋಡೆಗೆ ಒತ್ತಿ ಕೂತಿದ್ದವು. ಸೆರಗಿನ ಪಾಳಿಯ ಆ ಇಬ್ಬರ ಖಾಲಿ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಬೈಯುತ್ತಾರೆಂದು ಬಿಚ್ಚಿರಲಿಲ್ಲ.

ಹೊಲದಿಂದ ಜನ ಬಂದರು. ಹಿನ್ನೀರಿನ ಅಂಚಿಗೆ ಹೋದವರು ಮೊದಲು ನೋಡಿದ್ದು ಚಪ್ಪಲಿ. ನೀರಿನಿಂದ ಒಂದು ಮಾರು ಈಚೆ, ಎರಡನ್ನೂ ಜೋಡಿಸಿ, ಬದಿಗೆ ಸರಿಸಿ ಇಟ್ಟಿದ್ದಳು, ಮನೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವಂತೆ. ಮಾರನೆಯ ಬೆಳಿಗ್ಗೆ ಮೀನು ಹಿಡಿಯುವವರು ಮುದುಕಿಯನ್ನು ತೆಪ್ಪದಲ್ಲಿ ತಂದರು. ಗಂಟು ಬಿಚ್ಚಿ ನೋಡಿದರೆ ಅದರಲ್ಲಿ ಅಂಗನವಾಡಿಯ ಒಂದು ತಟ್ಟೆ, ಒಂದು ಲೋಟ ಇದ್ದವು.

ಟೀಚರಕ್ಕನ ಗಂಡ ಕುರಿ ಬಯಲಿನಿಂದ ಬಂದ. ಓದು ಬಾರದವನು. ಊರಿನಲ್ಲಿ ಆ ಹೊತ್ತಿಗೆ ಎಲ್ಲರ ಬಾಯಲ್ಲೂ ಆ ಉತ್ತರದ್ದೇ ಮಾತು, ಯಾರೋ ಅವನಿಗೂ ಓದಿ ಹೇಳಿದರು. ಟೀಚರಕ್ಕ ಅವನ ಮುಂದೆ ಕೂತು ಬಿಡಿಸಿ ಹೇಳಲು ನೋಡಿದರು: ಅತ್ತಿ ಅಂದರೆ ಅತ್ತಿ ಅಲ್ಲ, ಮೇಡಂ, ನಾವು ಹಾಗೆ ಕರೆಯುತ್ತಿದ್ದೆವು, ತಮಾಷೆಗೆ... ಸಾವಿನ ಮನೆಯಲ್ಲಿ ಒಂದು ತಮಾಷೆಯನ್ನು ಅರ್ಥ ಮಾಡಿಸುವುದು ಹೇಗೆ? ಅವನು ಕೇಳುವಷ್ಟು ಕೇಳಿ ಎದ್ದು ಹೋಗಿ ಹೊರಗೆ ಕೂತ. ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಕೂಡ ಬಂದಿದ್ದರು. ಧರಣಿಯ ದಿನ ಅವರು ರಜೆಯ ಮೇಲೆ ಇದ್ದರು, ಯಾವ ಊರಿಗೂ ಹೊರಟೇ ಇರಲಿಲ್ಲ. ಹೆಣದ ಮುಂದೆ ನಿಂತು ಕೈಮುಗಿದರು. ನಾವ್ಯಾರೂ ತಲೆ ಎತ್ತಿ ಅವರ ಮುಖ ನೋಡಲಿಲ್ಲ.

ಊರು ಸುಮ್ಮನಿರುತ್ತದೆಯೇ. ಸಂಘ ಸಂಘ ಅಂತ ಕುಣಿದು ಅತ್ತೀನ ನೀರಿಗೆ ಕಳಿಸಿದ್ಲು ಎಂದರು. ಬೇಕಂತಲೇ ಬರೆದದ್ದು ಎಂದವರೂ ಉಂಟು. ಕೆಲವರು ತಮ್ಮ ಮಕ್ಕಳನ್ನು ಆ ಅಂಗನವಾಡಿಗೆ ಕಳಿಸುವುದನ್ನೇ ಬಿಟ್ಟರು. ಆ ಮಾತುಗಳನ್ನು ಆಡಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಗನ ಹೆಸರನ್ನೂ ಮರೆತ ಆ ಮುದುಕಿಗೆ ಸ್ನಾನ ಮಾಡಿಸಿ, ತುತ್ತು ಮಾಡಿ ಉಣಿಸಿದ್ದು ಯಾರು ಎಂದು ಅವರಿಗೆಲ್ಲ ಗೊತ್ತಿತ್ತು.

ಟೀಚರಕ್ಕ ಮತ್ತೆ ಮೈಕು ಹಿಡಿಯಲಿಲ್ಲ. ಸಂಘದ ಕೆಲಸ ನೀ ನೋಡ್ಕೊ ತಂಗಿ ಎಂದರು, ಅಷ್ಟೇ. ಸ್ವಲ್ಪ ಕಾಲ ಕೆಲಸಕ್ಕೆ ಬಂದರು, ಆಮೇಲೆ ರಾಜೀನಾಮೆ ಕೊಟ್ಟು ಕೂಡ್ಲಿಗಿಯ ಮಗಳ ಮನೆಗೆ ಹೋದರು. ಒಮ್ಮೆ ಹೋಗಿ ನೋಡಿ ಬಂದೆ. ಅಂಗಳದಲ್ಲಿ ಕೂತಿದ್ದರು. ಮಗಳು ಕರಿಬೇವು ತರಲು ಬಾಗಿಲು ದಾಟಿದರೆ ಎಲ್ಲಿಗೆ ಎಂದು ಕೇಳಿದರು. ಅವಳು ಬಂದು, ಮತ್ತೆ ಬಟ್ಟೆ ಒಣಗಿಸಲು ಹೋದರೆ ಮತ್ತೆ ಎಲ್ಲಿಗೆ ಎಂದರು. ನಾನು ಹೊರಡಲು ಎದ್ದಾಗ ನನ್ನ ಸೆರಗಿನ ತುದಿ ಅವರ ಬೆರಳಲ್ಲಿತ್ತು. ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ. ಬಿಡಿಸಿಕೊಂಡು ಬಂದೆ. ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಸುದ್ದಿ ಬಂದದ್ದೂ ಆ ಗುಂಪಿನಲ್ಲೇ. ಒಬ್ಬರೂ ಏನೂ ಬರೆಯಲಿಲ್ಲ, ಎಲ್ಲರೂ ಒಬ್ಬರಿಗೊಬ್ಬರು ಫೋನು ಮಾಡಿ ಅತ್ತೆವು. ಅವರ ಸಹಾಯಕಿಯಂತೂ ಅಂದಿನಿಂದ ಫೋನಿನಲ್ಲಿ ಒಂದಕ್ಷರ ಬರೆದಿಲ್ಲ.

ಆ ಬೇಡಿಕೆಗಳಲ್ಲಿ ಕೆಲವು ಸಿಕ್ಕವು, ಕೆಲವು ಹಾಗೇ ಇವೆ. ಹೋದ ತಿಂಗಳ ತರಬೇತಿಯಲ್ಲಿ ಹೇಳಿದರು, ಊರಿನ ಹಿರಿಯರನ್ನು ಅಂಗನವಾಡಿಗೆ ಕರೆದು ಮಕ್ಕಳ ಜೊತೆ ಕೂರಿಸಬೇಕಂತೆ, ಹೊಸ ಪದ್ಧತಿಯಂತೆ. ಹೊಸ ಹುಡುಗಿಯರು ಬರೆದುಕೊಂಡರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ... ನಮ್ಮ ಸರ್ಕಲ್ಲಿನಲ್ಲಿ ಹಳಬರು ಯಾರೂ ಆ ಮಾತನ್ನು ಮತ್ತೆ ಬಾಯಲ್ಲಿ ತಂದಿಲ್ಲ. ಸ್ವಂತ ಅತ್ತೆ ಸಂತೆಗೆ ಹೊರಟರೂ 'ಅವರು ಹೋದ್ರು' ಎನ್ನುತ್ತೇವೆ. ಆದರೆ ಹೊಸಬರಿಗೆ ಯಾರೂ ಹೇಳಿಲ್ಲ. ಹೇಗೆ ಹೇಳುವುದು?

ಇವತ್ತು ಬೆಳಿಗ್ಗೆ ಹಾಲು ಕೈಯಾಡಿಸುವಾಗ ಬಂದ ಮೆಸೇಜು ಪಕ್ಕದ ಊರಿಗೆ ಹೊಸದಾಗಿ ಬಂದ ಹುಡುಗಿಯದು. ಚುರುಕಿನವಳು, ನಗಿಸುವವಳು. ಅವಳಿಗೆ ಅದು ತಾನೇ ಕಟ್ಟಿದ ತಮಾಷೆ. ಅಕ್ಕಾರ, ನಿಮ್ಮತ್ತಿ ಹೊಂಟಾಳ. ಕೆಳಗೆ ನಗುವ ಮುಖ.

ಹಾಲು ಸೀದ ಮೇಲೆ ನನಗೆ ಎಚ್ಚರವಾಯಿತು. ಅವಳಿಗೆ ಫೋನು ಮಾಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಯಾವ ಅತ್ತಿ? ಸರಿಯಾಗಿ ಹೇಳು. ಯಾವ ಅತ್ತಿ?"

"ಅಯ್ಯ, ಮೇಡಂ ರೀ ಅಕ್ಕಾರ! ಮತ್ಯಾವ ಅತ್ತಿ?" ಎಂದು ಅವಳು ನಕ್ಕಳು.

ನಾನು ನಗಲಿಲ್ಲ. ಸಂಜೆ ನಿಮ್ಮೂರಿಗೆ ಬರುತ್ತೇನೆ, ಕೂತು ಒಂದು ಮಾತು ಹೇಳುವುದಿದೆ ಎಂದೆ. ಆಮೇಲೆ ಮನೆಗೆ ಫೋನು ಹಚ್ಚಿದೆ. ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ನನ್ನ ಅತ್ತೆ ಎತ್ತಿದರು. ಶೇಂಗಾ ಸುಲಿಯುತ್ತ ಕೂತಿದ್ದವರು ಎದ್ದು ಬರಬೇಕಾಯಿತೆಂದು ಸಿಟ್ಟಾಗಿದ್ದರು. ಎಲ್ಲಿಗಾದರೂ ಹೊಂಟೀರೇನು ಎಂದು ಕೇಳಿದೆ.

"ಏನ ನಿಂದು? ನಾ ಎಲ್ಲಿ ಹೊಂಡ್ಲಿ, ಇಲ್ಲೇ ಅದೀನಿ."

ಮಕ್ಕಳು ನನ್ನನ್ನೇ ನೋಡುತ್ತಿದ್ದವು. ಹೊರಗೆ ಸ್ಕೂಟಿಯ ಸದ್ದು ಕೇಳಿತು. ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದು, ಇನ್ನೊಮ್ಮೆ ಹೇಳ್ರಿ ಎಂದೆ.